ಧ್ವನಿ ಏರಿಸಿದವನು

"ಇಲ್ಲ ಅಂದ್ರೆ ಏನರ್ಥ?" ಎಂದು ಲಾರಿ ಯಜಮಾನನ ಮ್ಯಾನೇಜರು ಎರಡನೆಯ ಸಲ ಕೇಳಿದ. ಅವನ ಒಂದು ಕಾಲು ಅಂಗಡಿಯ ಒಳಗಿತ್ತು, ಇನ್ನೊಂದು ಇನ್ನೂ ಮೆಟ್ಟಿಲ ಮೇಲೇ ಇತ್ತು. "ಹದಿನೈದು ದಿನ, ದಿನಕ್ಕೆರಡು ಸಭೆ. ಇಂಥ ಬುಕಿಂಗು ನಿನಗೆ ಐದು ವರ್ಷಕ್ಕೊಂದ್ಸಲ ಬರೋದು. ಮೈಗೆ ಹುಷಾರಿಲ್ವಾ?"

ಸೌಂಡಣ್ಣ ಬಿಚ್ಚಿಟ್ಟಿದ್ದ ಆಂಪ್ಲಿಫೈಯರಿನ ಮೇಲೆ ಬಗ್ಗಿಯೇ ಇದ್ದ. ಬೆಸುಗೆ ಕಡ್ಡಿಯಿಂದ ಎದ್ದ ಹೊಗೆಯ ಎಳೆ ಅವನ ಕನ್ನಡಕವನ್ನು ಮುಸುಕುತ್ತಿತ್ತು. ಬೆಸೆದ ತಂತಿಯನ್ನು ಒಮ್ಮೆ ಊದಿ, ಕಡ್ಡಿಯನ್ನು ಅದರ ಗೂಟಕ್ಕೆ ಸಿಕ್ಕಿಸಿ, ಆಮೇಲೆ ತಲೆ ಎತ್ತಿದ.

"ಹುಷಾರಾಗೇ ಇದ್ದೀನಿ. ಕೊಡಲ್ಲ ಅಂತ ನಾನು ಹೇಳ್ಲಿಲ್ಲ. ಒಂದು ಮಾತಿದೆ ಅಂದೆ. ನಿಮ್ಮ ಯಜಮಾನ್ರು, ಚುನಾವಣೇಲಿ ಎದುರು ನಿಂತಿರೋ ಹೆಡ್‌ಮೇಷ್ಟ್ರು, ಇಬ್ಬರೂ ಒಂದೇ ಮೈಕಿನ ಮುಂದೆ ನಿಂತು ಹೇಳ್ಬೇಕು. ಗೆದ್ರೂ ಸೋತ್ರೂ ನಮ್ಮೋರು ಯಾರ ಮೇಲೂ ಕೈ ಎತ್ತಲ್ಲ, ಯಾರನ್ನೂ ಹೆದರಿಸಲ್ಲ, ಓಟು ಹಾಕೋರನ್ನ ತಡೆಯಲ್ಲ ಅಂತ. ಅಷ್ಟು ಹೇಳಿದ ದಿನದಿಂದ ಇಬ್ಬರಿಗೂ ಮೈಕು ಕೊಡ್ತೀನಿ."

ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. "ನೀನೇನು ಚುನಾವಣಾಧಿಕಾರಿನಾ? ನಿನ್ನ ಕೆಲಸ ಹಲೋ ಹಲೋ ಅನ್ನೋದು. ಅದನ್ನ ಸರಿಯಾಗಿ ಮಾಡು ಸಾಕು."

"ಮೂವತ್ತು ವರ್ಷ ಅದನ್ನೇ ಮಾಡಿದ್ದೀನಿ."

"ಪಕ್ಕದ ಊರಲ್ಲಿ ಮೈಕು ಸಿಗಲ್ವಾ?"

"ಸಿಗುತ್ತೆ. ಆದ್ರೆ ಅವನ ಹಾರ್ನು ಕಿರುಚುತ್ತೆ. ಯಜಮಾನ್ರಿಗೆ ಹೇಳಿ."

ಮ್ಯಾನೇಜರು ಒಳಗಿಟ್ಟ ಕಾಲನ್ನೂ ಹೊರಗೆಳೆದುಕೊಂಡು ಹೋದ. ಮರುದಿನವೇ ಪಕ್ಕದ ಊರಿನ ಗಾಡಿ ಬಂತು. ಸೌಂಡಣ್ಣ ಹೇಳಿದ್ದು ಸುಳ್ಳಾಗಿರಲಿಲ್ಲ. ಅದರ ಹಾರ್ನುಗಳು ಇಡೀ ಬೀದಿಗೆ ಕೇಳುವಂತೆ ಕೀರಲು ದನಿಯಲ್ಲಿ ಅರಚುತ್ತಿದ್ದವು. ಪ್ರತಿ ಸಲ ಮೈಕು ಕಿರುಚಿದಾಗಲೂ ಅಂಗಡಿಯೊಳಗೆ ಕುಳಿತ ಅವನ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಇಲ್ಲದ ಗುಂಡಿಯೊಂದನ್ನು ತಿರುಗಿಸುತ್ತಿದ್ದವು. ಹೆಡ್‌ಮೇಷ್ಟ್ರ ಕಡೆಯವರು ಇನ್ನೂ ಬುಕಿಂಗಿಗೆ ಬಂದಿರಲಿಲ್ಲ. ಊರಿನಲ್ಲಿ ಚುನಾವಣೆ ಕಾವೇರುತ್ತಿತ್ತು. ಮೈಕಿನವನ ಅಂಗಡಿ ಮಾತ್ರ ತಣ್ಣಗೆ ಕುಳಿತಿತ್ತು.

ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವನ ಅಡಿಗೆ, ಹಾಸಿಗೆ, ಹಾಡು ಎಲ್ಲವೂ. ಹಾಡೆಂದರೆ, ರಿಪೇರಿ ಮಾಡಿದ ಪೆಟ್ಟಿಗೆಗಳನ್ನು ಪರೀಕ್ಷಿಸಲು ಹಾಕುತ್ತಿದ್ದ ಒಂದೇ ಒಂದು ಹಳೆಯ ಟೇಪು. ಎದುರಿನ ಸೈಕಲ್ ಅಂಗಡಿಯವನು ಬದುಕಿದ್ದಾಗ ಅದೇ ಹಾಡು ಕೇಳಿ ಕೇಳಿ ಬೇಸತ್ತು, "ಆ ಹಾಡೋ ಪುಣ್ಯಾತ್ಗಿತ್ತಿಗೆ ಒಂದ್ಲೋಟ ನೀರಾದ್ರೂ ಕೊಡಪ್ಪಾ, ಗಂಟಲು ಒಣಗಿರುತ್ತೆ" ಎಂದು ಬೀದಿಯ ಆಚೆಯಿಂದ ಕೂಗುತ್ತಿದ್ದ. ಆ ಸೈಕಲ್ ಅಂಗಡಿಯವನು ಮಾತಿಗೆ ನಿಂತರೆ ನಿಲ್ಲಿಸುವವರಿರಲಿಲ್ಲ. ಊರಿಗೆಲ್ಲ ಬ್ರೇಕು ಕೂರಿಸಿಕೊಡುವವನ ಬಾಯಿಗೇ ಬ್ರೇಕಿಲ್ಲವೆಂದು ಜನ ಅವನನ್ನು ಬ್ರೇಕಣ್ಣ ಎಂದು ಕರೆದರು. ಸೌಂಡಣ್ಣ ಮಾತು ಕಡಿಮೆಯವನು. ಇಬ್ಬರ ಸ್ನೇಹ ಅದರಿಂದಲೇ ಗಟ್ಟಿಯಾಗಿತ್ತು. ಒಬ್ಬ ಹೇಳುತ್ತಿದ್ದ, ಇನ್ನೊಬ್ಬ ಕೇಳುತ್ತಿದ್ದ.

ಐದು ವರ್ಷದ ಹಿಂದೆ, ಕಳೆದ ಚುನಾವಣೆಯ ಮತದಾನದ ದಿನ ಬೆಳಿಗ್ಗೆ, ಬ್ರೇಕಣ್ಣನ ತಲೆಗೆ ಇಟ್ಟಿಗೆ ಬಿತ್ತು. ಅವನು ಯಾವ ಕಡೆಯವನೂ ಆಗಿರಲಿಲ್ಲ. ಗುಂಪು ಬೀದಿಯ ತುದಿಯ ಮತಗಟ್ಟೆಯತ್ತ ನುಗ್ಗಿದಾಗ ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತಿದ್ದ, ಅಷ್ಟೆ. ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿ, ಹತ್ತನೆಯ ದಿನ ಹೋಗಿಬಿಟ್ಟ. ಇಟ್ಟಿಗೆ ಎಸೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಆದರೆ ಗುಂಪು ಯಾವ ಮಾತು ಕೇಳಿ ಹೊರಟಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ಸಂಜೆ ಮೈದಾನದ ಸಭೆಯಲ್ಲಿ ಲಾರಿ ಯಜಮಾನ, "ನಾಳೆ ಬೆಳಿಗ್ಗೆ ಆ ಬೀದಿಯಲ್ಲಿ ಅವರ ಪೈಕಿ ಒಬ್ಬನ ಮುಖವೂ ಕಾಣಿಸಬಾರದು" ಎಂದಿದ್ದ. ಅವನು ಮೈಕಿನ ಮುಂದೆ ನಿಂತು ಕೈಯಿಂದ ಸನ್ನೆ ಮಾಡಿದ್ದ, ಇನ್ನೂ ಜೋರು, ಇನ್ನೂ ಜೋರು. ಸೌಂಡಣ್ಣ ಗುಂಡಿ ತಿರುಗಿಸಿದ್ದ.

ಆ ದಿನದಿಂದ ಬ್ರೇಕಣ್ಣನ ಹೆಂಡತಿ ಸೌಂಡಣ್ಣನೊಂದಿಗೆ ಮಾತು ಬಿಟ್ಟಿದ್ದಳು. ಗಂಡನ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಟ್ಯೂಬನ್ನು ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುವಾಗ ಅವಳ ಮುಖ ಬೀದಿಯ ಕಡೆಗೇ ಇರುತ್ತಿತ್ತು. ಆದರೂ ಎದುರಿನ ಅಂಗಡಿ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ಅಗಲದ ಬೀದಿ. ಸೌಂಡಣ್ಣ ಅದನ್ನು ಐದು ವರ್ಷದಲ್ಲಿ ಒಮ್ಮೆಯೂ ನೇರವಾಗಿ ದಾಟಿರಲಿಲ್ಲ. ಆ ಕಡೆಯ ಹಾಲಿನಂಗಡಿಗೆ ಹೋಗಬೇಕಾದರೂ ಮೂಲೆಯವರೆಗೆ ನಡೆದು ಸುತ್ತು ಹಾಕಿ ಹೋಗುತ್ತಿದ್ದ.

ಮೈಕು ಕೊಡುವುದಿಲ್ಲವೆಂದು ಅಂಗಡಿಯಲ್ಲಿ ಕುಳಿತರೆ ಯಾರ ಮನಸ್ಸೂ ಬದಲಾಗುವುದಿಲ್ಲವೆಂದು ನಾಲ್ಕೇ ದಿನದಲ್ಲಿ ಅವನಿಗೆ ಮನವರಿಕೆಯಾಯಿತು. ಐದನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲು ಹೆಡ್‌ಮೇಷ್ಟ್ರ ಮನೆಗೆ ಹೋದ.

ಹೆಡ್‌ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾಗಿದ್ದರೂ ಮಾತಿನಲ್ಲಿ ಇನ್ನೂ ತರಗತಿ ಮುಗಿದಿರಲಿಲ್ಲ. ಎಲ್ಲವನ್ನೂ ಕೇಳಿ, "ಭೇಷ್!" ಎಂದರು. "ಇಂಥ ನಾಗರಿಕರು ಬೇಕಯ್ಯಾ. ಎಲ್ಲಿ ಸಹಿ ಹಾಕ್ಬೇಕು ಹೇಳು, ಈಗಲೇ ಹಾಕ್ತೀನಿ."

"ಸಹಿ ಬೇಡ ಮೇಷ್ಟ್ರೇ. ಅವರ ಜೊತೆ ನಿಂತು ಹೇಳ್ಬೇಕು."

"ಅವನು ಬರಲ್ಲ ಬಿಡು. ಬರದೇ ಇದ್ರೆ ಇನ್ನೂ ಒಳ್ಳೇದೇ ಆಯ್ತು." ಮೇಷ್ಟ್ರು ಪಕ್ಕದಲ್ಲಿದ್ದವನ ಕಡೆ ತಿರುಗಿದರು. "ಬರ್ಕೋ. ನಾಳೆ ಕರಪತ್ರಕ್ಕೆ ಹಾಕೋಣ. ಶಾಂತಿಗೆ ನಾವು ಸಿದ್ಧ, ಅವರು ಸಿದ್ಧರಿದ್ದಾರೆಯೇ? ದಪ್ಪ ಅಕ್ಷರ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ."

ಸೌಂಡಣ್ಣನ ಮುಖ ಸಪ್ಪಗಾಯಿತು. "ಅದನ್ನ ಹಾಗೆ ಹಾಕ್ಬೇಡಿ ಮೇಷ್ಟ್ರೇ. ಹಾಕಿದ್ರೆ ಅವರು ಖಂಡಿತ ಬರಲ್ಲ. ನಾನು ಕೇಳೋಕೆ ಬಂದಿದ್ದು ನಿಮಗೆ ಓಟು ಬರ್ಲಿ ಅಂತ ಅಲ್ಲ."

ಹೆಡ್‌ಮೇಷ್ಟ್ರು ಕನ್ನಡಕದ ಮೇಲಿನಿಂದ ಅವನನ್ನೇ ನೋಡಿದರು, ಹಿಂದಿನ ಬೆಂಚಿನ ದಡ್ಡ ಹುಡುಗ ಇದ್ದಕ್ಕಿದ್ದಂತೆ ಸರಿಯುತ್ತರ ಹೇಳಿದಾಗ ನೋಡುವ ಹಾಗೆ.

"ಕಳೆದ ಸಲ ಕಲ್ಲು ಹಿಡ್ಕೊಂಡೋರು ನಿಮ್ಮ ಕಡೇಲೂ ಇದ್ರು," ಎಂದ ಸೌಂಡಣ್ಣ. "ಇಟ್ಟಿಗೆ ಯಾವ ಕಡೆಯಿಂದ ಬಂತು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ."

ಮೇಷ್ಟ್ರು ಬರೆದುಕೊಳ್ಳುತ್ತಿದ್ದವನಿಗೆ ಕೈಸನ್ನೆ ಮಾಡಿ ನಿಲ್ಲಿಸಿದರು. "ಸರಿ. ಅವನು ಬಂದ್ರೆ ನಾನೂ ಬರ್ತೀನಿ. ಕರಪತ್ರಕ್ಕೆ ಹಾಕಲ್ಲ." ಬಾಗಿಲವರೆಗೆ ಬೀಳ್ಕೊಡಲು ಮಾತ್ರ ಅವರು ಏಳಲಿಲ್ಲ.

ಲಾರಿ ಯಜಮಾನನ ಕಚೇರಿ ಊರಾಚೆಯ ಲಾರಿ ನಿಲ್ದಾಣದಲ್ಲಿತ್ತು. ಅಲ್ಲಿ ಸೌಂಡಣ್ಣನನ್ನು ಎರಡು ಗಂಟೆ ಬಿಸಿಲಲ್ಲಿ ಕಾಯಿಸಿದರು. ಹಳೆಯ ಟೈರಿನ ಮೇಲೆ ಕುಳಿತಿದ್ದ ಅವನನ್ನು ನೋಡಿ ಹೋಗಿಬರುವ ಹುಡುಗರು, "ಹಲೋ, ಹಲೋ, ಚೆಕ್" ಎಂದು ಕಿಚಾಯಿಸಿದರು. ಕೊನೆಗೆ ಯಜಮಾನನೇ ಹೊರಗೆ ಬಂದ. ಎತ್ತರದ ಆಳು. ಹತ್ತಿರದಿಂದ ನೋಡಿದಾಗ ಮಾತ್ರ ಅವನ ಕಣ್ಣಿನ ಕೆಳಗಿನ ಚೀಲಗಳು ಕಾಣುತ್ತಿದ್ದವು.

"ಒಳಗೆ ಬಾ. ಎರಡೇ ನಿಮಿಷ," ಎಂದ. ಕಚೇರಿಯ ಬಾಗಿಲು ಮುಚ್ಚಿದ ಮೇಲೆ, "ಊರೆಲ್ಲ ನಗ್ತಾ ಇದೆ, ಗೊತ್ತಾ ನಿನಗೆ? ನಾನು ಬಂದು ಅಲ್ಲಿ ನಿಂತ್ರೆ, ನಮ್ಮ ಹುಡುಗರು ಯಜಮಾನ್ರು ಹೆದರಿದ್ರು ಅಂತಾರೆ."

"ಅನ್ನಲಿ."

"ನಿನಗೇನಪ್ಪಾ, ಅನ್ನಲಿ ಅಂತೀಯ. ಓಟಿಗೆ ನಿಂತಿರೋನು ನಾನು."

ಸೌಂಡಣ್ಣ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಆ ಕ್ಷಣಕ್ಕೆ ಕೈಕೊಟ್ಟಿತು. ಉಳಿದದ್ದು ಒಂದೇ. "ಯಜಮಾನ್ರೇ, ಅವತ್ತು ನಿಮ್ಮ ಮಾತು ನಿಮ್ಮಷ್ಟಕ್ಕೆ ಬಿಟ್ಟಿದ್ರೆ ಮುಂದಿನ ಎರಡು ಸಾಲಿಗೆ ಕೇಳ್ತಿತ್ತು. ಎರಡು ಸಾವಿರ ಜನಕ್ಕೆ ಕೇಳಿಸಿದ್ದು ನಾನು. ನೀವು ಕೈ ಸನ್ನೆ ಮಾಡಿದ್ರಿ, ನಾನು ಜೋರು ಮಾಡ್ದೆ. ಇದರಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳೋಕೆ ನಾನು ಬಂದಿಲ್ಲ. ನನ್ನ ಪಾಲು ನನಗೆ ನಿದ್ದೆ ಕೊಡ್ತಿಲ್ಲ."

ಯಜಮಾನ ಮೇಜಿನ ಮೇಲಿನ ಗಾಜಿನ ಗುಂಡನ್ನು ಎತ್ತಿ ಕಾಗದಗಳ ಇನ್ನೊಂದು ಕಟ್ಟಿನ ಮೇಲಿಟ್ಟ. ಮತ್ತೆ ಎತ್ತಿ ಮೊದಲಿದ್ದಲ್ಲೇ ಇಟ್ಟ. ಹೊರಗೆ ಲಾರಿಯೊಂದು ಹಿಮ್ಮುಖವಾಗಿ ಬರುತ್ತ ಗುಟುರು ಹಾಕುತ್ತಿತ್ತು.

"ಅವಳು ಬರ್ತಾಳಾ?" ಎಂದ ಯಜಮಾನ.

"ಯಾರು?"

"ಯಾರು ಅಂತ ನಿನಗೆ ಗೊತ್ತು. ಐದು ವರ್ಷದಿಂದ ಆ ಬೀದಿಗೆ ನಾನು ಕಾಲಿಟ್ಟಿಲ್ಲ. ನಮ್ಮ ಲಾರಿನೂ ಆ ಕಡೆ ಹೋಗಲ್ಲ, ಡ್ರೈವರಿಗೆಲ್ಲ ದಾರಿ ಕಿರಿದು ಅಂತ ಹೇಳಿಬಿಟ್ಟಿದ್ದೀನಿ." ಅವನು ಕಿಟಕಿಯ ಕಡೆ ತಿರುಗಿದ. "ಅವಳು ಬಂದ್ರೆ ನಾನೂ ಬರ್ತೀನಿ. ಹೋಗಿ ಕೇಳು."

ತನ್ನನ್ನು ಸಾಗಹಾಕಲು ಹೂಡಿದ ಉಪಾಯವೋ, ಮನಸ್ಸಿನ ಮಾತೋ, ಸೌಂಡಣ್ಣನಿಗೆ ಗೊತ್ತಾಗಲಿಲ್ಲ. ಎರಡೂ ಇದ್ದರೂ ಇರಬಹುದು ಎಂದುಕೊಳ್ಳುತ್ತ ಅವನು ಊರಿಗೆ ನಡೆದ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತ. ಎದುರು ಬ್ರೇಕಣ್ಣನ ಹೆಂಡತಿ ಸೈಕಲ್ಲೊಂದನ್ನು ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದಳು. ಒಬ್ಬ ಗಿರಾಕಿ ಹೋದ, ಇನ್ನೊಬ್ಬ ಬಂದ. ಅವನೂ ಹೋದ. ಸೌಂಡಣ್ಣ ಬೀದಿಗಿಳಿದು ನೇರವಾಗಿ ದಾಟಿದ. ಇಪ್ಪತ್ತು ಹೆಜ್ಜೆಯೆಂದು ಅಂದುಕೊಂಡಿದ್ದದ್ದು ಹದಿನಾಲ್ಕಕ್ಕೇ ಮುಗಿದುಹೋಯಿತು.

"ಅತ್ತಿಗೆ," ಎಂದ.

ಚಕ್ರ ತಿರುಗುತ್ತಲೇ ಇತ್ತು. ಅವಳು ಅದು ತಾನಾಗಿ ನಿಲ್ಲುವವರೆಗೆ ಕಾದಳು. "ಸೈಕಲ್ ತಂದಿಲ್ವಲ್ಲ."

ಅವನು ಬಂದ ಕೆಲಸ ಹೇಳಿದ. ಒಂದೇ ಮೈಕು, ಇಬ್ಬರು ಅಭ್ಯರ್ಥಿಗಳು, ಭಾನುವಾರ ಸಂಜೆ ಮೈದಾನದ ಹಳೆಯ ಕಟ್ಟೆ, ಯಜಮಾನನ ಷರತ್ತು, ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ಅವನಿಗೇ ತನ್ನ ಮಾತು ಹಗುರವಾಗಿ ಕೇಳಿಸತೊಡಗಿತು. ಅವಳು ಬಟ್ಟೆಯ ಚೂರಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

"ಅವರು ಮುಂದೆ ಹೀಗೆ ಮಾಡಲ್ಲ ಅಂತಾರೆ. ಅಷ್ಟೇ ತಾನೇ?"

"ಹೌದು ಅತ್ತಿಗೆ."

"ಹಿಂದೆ ಆಗಿದ್ದಕ್ಕೆ ಯಾರು ಏನು ಹೇಳ್ತಾರೆ?"

ಅವಳು ಬೀದಿಯ ಕಂಬದತ್ತ ಕೈ ತೋರಿಸಿದಳು.

"ಆ ಹಾರ್ನನ್ನ ಅಗೋ ಆ ಕಂಬಕ್ಕೆ ಕಟ್ಟಿದ್ದೆ ನೀನು. ಏಣಿ ಹಿಡ್ಕೊಂಡಿದ್ದೋರು ಇವರು. ಕೆಳಗೆ ನಿಂತು, ಬಿದ್ದೀಯಾ ಜೋಪಾನ, ಸೌಂಡಣ್ಣ ಬಿದ್ರೆ ಸೌಂಡು ಜೋರಾಗಿ ಬರುತ್ತೆ ಅಂತ ನಗಾಡ್ತಿದ್ರು. ಅವತ್ತು ಸಂಜೆ ಮೈದಾನದ ಭಾಷಣ ಇಲ್ಲಿ ಕೂತು ನಾವಿಬ್ರೂ ಕೇಳಿದ್ವಿ. ಒಂದಕ್ಷರ ಬಿಡದ ಹಾಗೆ ಕೇಳಿದ್ವಿ." ಅವಳ ದನಿ ಏರಲಿಲ್ಲ. "ಆಮೇಲೆ ವಿಚಾರಣೆಗೆ ಕರೆದ್ರಲ್ಲ, ನಿನ್ನನ್ನೂ ಕರೆದ್ರು. ಏನು ಕೇಳಿಸ್ತು ಅಂತ ಕೇಳಿದ್ರು. ನೀನೇನಂದೆ?"

ಅವನಿಗೆ ನೆನಪಿತ್ತು. ಹಸಿರು ಬಣ್ಣದ ಕೋಣೆ, ಟೈಪು ಮಾಡುತ್ತಿದ್ದವನ ಕೆಮ್ಮು, ಬಾಗಿಲಾಚೆ ಲಾರಿ ಯಜಮಾನನ ನಾಲ್ಕು ಜನ.

"ನೀನೇನಂದೆ, ಹೇಳು."

"ಮಿಷಿನ್ ಕಡೆ ಗಮನ ಇತ್ತು. ಏನು ಮಾತಾಡಿದ್ರು ಅಂತ ನನಗೆ ಕೇಳಿಸ್ಲಿಲ್ಲ ಅಂದೆ."

"ಊರಿಗೆಲ್ಲ ಕೇಳಿಸಿದೋನಿಗೆ ಕೇಳಿಸ್ಲಿಲ್ಲ." ಅವಳು ಬಟ್ಟೆಯನ್ನು ಮೊಳೆಗೆ ನೇತುಹಾಕಿದಳು. "ನನಗೆ ಆ ಯಜಮಾನನ ಮೇಲೆ ಇರೋ ಸಿಟ್ಟು ಬೇರೆ. ಅವನು ನಮಗೆ ಯಾರೂ ಅಲ್ಲ. ನೀನು ದಿನಾ ನಮ್ಮನೆ ಚಹಾ ಕುಡಿದೋನು. ಐದು ವರ್ಷ ಎದುರಿಗೆ ಕೂತಿದ್ದೀಯ. ಇವತ್ತು ಬರ್ತಾನೆ, ನಾಳೆ ಬರ್ತಾನೆ, ಬಂದು ಹೌದತ್ತಿಗೆ, ನನಗೆ ಕೇಳಿಸ್ತು ಅಂತ ಒಂದು ಮಾತು ಹೇಳ್ತಾನೆ ಅಂತ ನಾನು ಕಾದೆ. ಮೊದಲ ವರ್ಷ ಕಾದೆ. ಆಮೇಲೆ ಕಾಯೋದು ಬಿಟ್ಟೆ."

ಬೀದಿಯಲ್ಲಿ ಪಕ್ಕದ ಊರಿನ ಗಾಡಿ ಕಿರುಚುತ್ತ ಹೋಯಿತು.

"ನಾನು ಬರ್ತೀನಿ ಅಂತ ಯಾರಿಗೂ ಮಾತು ಕೊಡ್ಬೇಡ," ಎಂದಳು. "ಗೊಂಬೆ ಹಾಗೆ ಕಟ್ಟೆ ಮೇಲೆ ಕೂರೋಕೆ ನನಗೆ ಪುರುಸೊತ್ತಿಲ್ಲ. ಆದ್ರೆ ಆ ಮೈಕಲ್ಲಿ ಮೊದಲು ಮಾತಾಡ್ಬೇಕಾದೋನು ನೀನು. ಬೇರೆಯೋರಿಂದ ಮಾತು ತಗೊಳೋದು ಆಮೇಲೆ."

ಅವನು ಯಜಮಾನನಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದಂತೆಯೇ ಹೇಳಿದ. ಅವಳು ಬಂದರೂ ಬರಬಹುದು, ಬಾರದೆಯೂ ಇರಬಹುದು. ಮೊದಲು ತಾನು ಮಾತಾಡುತ್ತೇನೆ. ಏನು ಮಾತಾಡುತ್ತೇನೆಂದೂ ಹೇಳಿದ. ಸಂಪರ್ಕ ಕಡಿದಿದೆಯೆಂದು ಅವನು ಕಿವಿಯಿಂದ ಫೋನು ತೆಗೆಯುವಷ್ಟರಲ್ಲಿ, "ಭಾನುವಾರ ನಾಲ್ಕು ಗಂಟೆಗಲ್ವಾ?" ಎಂಬ ಮಾತು ಬಂತು.

ಭಾನುವಾರ ಅವನು ಒಬ್ಬನೇ ಎಲ್ಲ ಸಾಮಾನನ್ನು ಮೈದಾನಕ್ಕೆ ಸಾಗಿಸಿದ. ಎರಡು ಪೆಟ್ಟಿಗೆ, ಒಂದು ಮೈಕು, ಒಂದು ಕಂಬ. ತಂತಿಯನ್ನು ಯಾರ ಕಾಲಿಗೂ ತೊಡರದಂತೆ ಕಟ್ಟೆಯ ಅಂಚಿಗೆ ಒತ್ತಿ ಎಳೆದ. ಜನ ಬಂದದ್ದು ಅರವತ್ತೋ ಎಪ್ಪತ್ತೋ. ಅರ್ಧಕ್ಕರ್ಧ ತಮಾಷೆ ನೋಡಲು ಬಂದವರು. ಹೆಡ್‌ಮೇಷ್ಟ್ರು ಐದು ನಿಮಿಷ ಮೊದಲೇ ಬಂದು ಗಡಿಯಾರ ನೋಡಿಕೊಂಡರು. ಯಜಮಾನ ಹತ್ತು ನಿಮಿಷ ತಡವಾಗಿ, ಹಿಂದೆ ಹದಿನೈದು ಹುಡುಗರೊಂದಿಗೆ ಬಂದ. ಇಬ್ಬರೂ ಕಟ್ಟೆಯ ಎರಡು ತುದಿಗೆ ನಿಂತರು. ನಡುವೆ ಒಂದು ಗಾಡಿ ಹೋಗುವಷ್ಟು ಜಾಗವಿತ್ತು.

ಸೌಂಡಣ್ಣ ಮೈಕಿನ ಮುಂದೆ ಬಂದ. ಅಭ್ಯಾಸಬಲದಿಂದ, "ಹಲೋ, ಹಲೋ," ಎಂದ. ಜನ ಗೊಳ್ಳೆಂದು ನಕ್ಕರು. ನಗು ಅಡಗಲೆಂದು ಅವನು ಕಾದ. ಮೈದಾನದ ಅಂಚಿನ ಮರದ ಕೆಳಗೆ ಬ್ರೇಕಣ್ಣನ ಹೆಂಡತಿ ಬಂದು ನಿಂತಿದ್ದು ಆಗ ಕಾಣಿಸಿತು. ಕೈಯಲ್ಲಿ ಗಾಳಿ ಹಾಕುವ ಪಂಪಿತ್ತು. ಕೆಲಸದ ನಡುವೆ ಎದ್ದು ಬಂದಂತಿದ್ದಳು.

"ನನಗೆ ಮಾತಾಡಿ ಗೊತ್ತಿಲ್ಲ," ಎಂದ. "ಐದು ವರ್ಷದ ಹಿಂದೆ ಇಲ್ಲಿ ಭಾಷಣ ಆಯ್ತು. ಮಾರನೇ ದಿನ ನನ್ನ ಸ್ನೇಹಿತನ ತಲೆ ಒಡೆಯಿತು. ವಿಚಾರಣೇಲಿ ನನ್ನನ್ನ ಕೇಳಿದಾಗ ನನಗೇನೂ ಕೇಳಿಸ್ಲಿಲ್ಲ ಅಂದೆ. ಸುಳ್ಳು. ಎಲ್ಲ ಕೇಳಿಸ್ತು. ಆ ಬೀದೀಲಿ ಒಬ್ಬನ ಮುಖವೂ ಕಾಣಿಸಬಾರದು ಅಂತ ಯಜಮಾನ್ರು ಅಂದ್ರು. ಜೋರು ಮಾಡು ಅಂತ ಕೈ ಮಾಡಿದ್ರು, ನಾನು ಜೋರು ಮಾಡ್ದೆ. ಹೆದರಿಕೆಯಿಂದ ಮಾಡ್ಲಿಲ್ಲ. ಚಪ್ಪಾಳೆ ಬೀಳ್ತಿತ್ತು, ನನ್ನ ಮಿಷಿನ್ನು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಖುಷಿಯಾಗಿ ಮಾಡ್ದೆ. ಆಮೇಲೆ ಸುಳ್ಳು ಹೇಳಿದ್ದು ಹೆದರಿ. ಅಷ್ಟೇ. ಇನ್ನು ಇವರಿಬ್ಬರೂ ಮಾತಾಡ್ತಾರೆ."

ಹದಿನೈದು ಹುಡುಗರಲ್ಲಿ ನಾಲ್ಕೈದು ಜನ ಎದ್ದು ನಿಂತಿದ್ದರು. "ಏಯ್! ಯಾರ ಹೆಸರು ಹೇಳ್ತಿದ್ದೀಯೋ?" ಎಂದು ಒಬ್ಬ ಕಟ್ಟೆಯತ್ತ ನುಗ್ಗಿದ. ಸೌಂಡಣ್ಣ ಕೈಗೆ ಸಿಕ್ಕ ಮೈಕಿನ ಕಂಬವನ್ನೇ ಹಿಡಿದು ನಿಂತ. ಇಳಿದು ಓಡುವುದಕ್ಕೂ ಅವನಿಗೆ ತೋಚಲಿಲ್ಲ.

"ಕೂತ್ಕೊಳ್ರೋ," ಎಂದ ಯಜಮಾನ.

ಆ ಮಾತು ಮೈಕಿಗೆ ಸಿಕ್ಕಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಅವನು ನಿಧಾನವಾಗಿ ನಡೆದು ಮೈಕಿನ ಬಳಿ ಬಂದ, ಎತ್ತರಕ್ಕೆ ತಕ್ಕಂತೆ ಅದನ್ನು ಮೇಲೆತ್ತಿಕೊಳ್ಳುವ ಬದಲು ತಾನೇ ಬಗ್ಗಿದ.

"ಅವತ್ತು ಆಡಿದ ಮಾತು ನನ್ನದೇ," ಎಂದ. ಮುಂದಿನದಕ್ಕೆ ತಡಕಾಡಿದ. ಭಾಷಣಕ್ಕೆಂದು ನಾಲಿಗೆಗೆ ಒಗ್ಗಿಹೋಗಿದ್ದ ಮಾತುಗಳೊಂದೂ ಬರಲಿಲ್ಲ. "ಈ ಸಲ ನನ್ನ ಕಡೆಯೋನು ಯಾರ ಮೇಲಾದ್ರೂ ಕೈ ಎತ್ತಿದ್ರೆ ಅವನು ನನ್ನ ಕಡೆಯೋನಲ್ಲ. ಸೋತ್ರೂ ಇದೇ ಮಾತು. ಗೆದ್ರೂ ಇದೇ ಮಾತು."

ಮರದ ಕೆಳಗೆ ನಿಂತಿದ್ದವಳು ಅಷ್ಟು ಕೇಳಿ, ಪಂಪನ್ನು ಹೆಗಲಿಗೇರಿಸಿಕೊಂಡು ಹೊರಟುಹೋದಳು. ಆಮೇಲೆ ಹೆಡ್‌ಮೇಷ್ಟ್ರು ಶಾಂತಿಯ ಮಹತ್ವವನ್ನು ಮೂರು ಭಾಗವಾಗಿ ವಿಂಗಡಿಸಿ ಮುಕ್ಕಾಲು ಗಂಟೆ ಮಾತಾಡಿದರು. ಮೂರನೆಯ ಭಾಗಕ್ಕೆ ಬರುವ ಹೊತ್ತಿಗೆ ಹತ್ತು ಜನ ಉಳಿದಿದ್ದರು. ಆದರೂ ಕೊನೆಗೆ ಅವರು ತಾವಾಗಿ ಕಟ್ಟೆಯ ಆ ತುದಿಗೆ ನಡೆದು ಹೋಗಿ ಯಜಮಾನನ ಕೈ ಹಿಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮತದಾನದ ದಿನ ಬೀದಿಯಲ್ಲಿ ಸಾಲು ನಿಂತಿತು, ಬಿಸಿಲಿಗೆ ಬೈದುಕೊಂಡಿತು, ಕರಗಿತು. ಒಂದು ಕಡೆ ಮಾತಿಗೆ ಮಾತು ಬೆಳೆದು ಅಂಗಿ ಹರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಮೂರನೆಯ ದಿನ ಎಣಿಕೆ. ಪುರಸಭೆಯ ಕಟ್ಟಡದ ಮುಂದೆ ಫಲಿತಾಂಶ ಸಾರಲು ಸೌಂಡಣ್ಣನ ಮೈಕನ್ನೇ ಕರೆಸಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಅಧಿಕಾರಿ ಹೊರಗೆ ಬಂದು ಓದಿದರು. ಯಜಮಾನ ನಲವತ್ತೊಂದು ಮತಗಳಿಂದ ಸೋತಿದ್ದ.

ಒಂದು ಕಡೆ ಕೇಕೆ, ಇನ್ನೊಂದು ಕಡೆ ಮೌನ. ಮೌನ ಹೆಚ್ಚು ಹೊತ್ತು ಇರಲಿಲ್ಲ. "ಮೋಸ!" ಎಂದು ಯಾರೋ ಕೂಗಿದರು. ಲಾರಿಯೊಂದರ ಹಿಂಬಾಗಿಲು ಧಡಾರನೆ ಬಿತ್ತು. ಅದರೊಳಗೆ ದೊಣ್ಣೆಗಳಿದ್ದವು. ಯಾವಾಗ, ಯಾರು ತುಂಬಿಸಿಟ್ಟಿದ್ದರೋ. ಹೆಡ್‌ಮೇಷ್ಟ್ರ ಕಡೆಯವರೂ ಕೇಕೆ ನಿಲ್ಲಿಸಿ ನೆಲದಲ್ಲಿ ಕಲ್ಲು ಹುಡುಕತೊಡಗಿದರು.

ಯಜಮಾನ ಜನರನ್ನು ಸೀಳಿಕೊಂಡು ಅವನ ಬಳಿ ಬಂದ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. "ಮೈಕು ಕೊಡು."

ಸೌಂಡಣ್ಣ ಅವನ ಕಣ್ಣನ್ನೇ ನೋಡಿದ. ಕೊಡಬೇಕೋ ಬೇಡವೋ. ತೀರ್ಮಾನಿಸಲು ಅರೆಗಳಿಗೆಯೂ ಇರಲಿಲ್ಲ. ಕೊಟ್ಟ.

"ನಾನು ಸೋತಿದ್ದೀನಿ," ಎಂದ ಯಜಮಾನ. ಅವನ ಉಸಿರು ಮೈಕಿಗೆ ಬಡಿಯುತ್ತಿತ್ತು. "ಮೋಸ ಆಗಿಲ್ಲ. ಎಣಿಸುವಾಗ ನಾನೇ ಒಳಗೆ ಕೂತಿದ್ದೆ. ದೊಣ್ಣೆ ಕೆಳಗೆ ಹಾಕಿ."

"ಯಜಮಾನ್ರೇ, ನೀವು ಸುಮ್ನಿರಿ, ನಾವು ನೋಡ್ಕೋತೀವಿ!"

"ನೀವು ನೋಡ್ಕೋಬೇಡಿ. ಮನೆಗೆ ಹೋಗಿ." ಒಂದು ಹೆಜ್ಜೆ ಮುಂದೆ ಬಂದ. "ಯಾರಿಗಾದ್ರೂ ಹೊಡೀಲೇಬೇಕು ಅಂತಿದ್ರೆ ಬನ್ನಿ, ಇಲ್ಲೇ ನಿಂತಿದ್ದೀನಿ. ನನಗೇ ಹೊಡೀರಿ."

ಯಾರೂ ಬರಲಿಲ್ಲ. ಒಂದು ದೊಣ್ಣೆ ಕೆಳಗೆ ಬಿತ್ತು, ಆಮೇಲೆ ಇನ್ನೊಂದು. "ಥೂ, ಇವನೂ ಒಬ್ಬ ಗಂಡಸು" ಎಂದು ಹಿಂದಿನಿಂದ ಒಬ್ಬ ಉಗಿದ. ಯಜಮಾನ ಅದನ್ನು ಕೇಳಿಸಿಕೊಂಡ. ಅವನು ಮೈಕು ಬಿಡದೆ, ಕೊನೆಯ ಗುಂಪು ತಿರುವು ದಾಟುವವರೆಗೂ ಹಾಗೇ ನಿಂತಿದ್ದ. ಹುಡುಗರು ಅವನ ಜೀಪನ್ನೂ ಹತ್ತಿಕೊಂಡು ಹೊರಟುಹೋಗಿದ್ದರು. ಮ್ಯಾನೇಜರು ಯಾವ ಮಾಯದಲ್ಲಿ ಜಾಗ ಖಾಲಿ ಮಾಡಿದ್ದನೋ, ನೋಡಿದವರಿಲ್ಲ.

ಸೌಂಡಣ್ಣ ತಂತಿ ಸುತ್ತಿ, ಪೆಟ್ಟಿಗೆಗಳನ್ನು ಮೂರು ಚಕ್ರದ ಗಾಡಿಗೆ ಏರಿಸುವ ಹೊತ್ತಿಗೂ ಯಜಮಾನ ಪುರಸಭೆಯ ಮೆಟ್ಟಿಲ ಬಳಿಯೇ ಇದ್ದ.

"ನಡೆದು ಹೋಗ್ತೀರಾ?"

"ದೂರ ಆಗುತ್ತೆ," ಎಂದ ಯಜಮಾನ, ದೂರವನ್ನು ಅಂದಾಜು ಮಾಡುವವನಂತೆ ರಸ್ತೆಯನ್ನು ನೋಡಿ.

"ಹತ್ತಿ. ಮುಂದೆ ಇಬ್ಬರಿಗೆ ಜಾಗ ಸಾಲಲ್ಲ, ಸ್ವಲ್ಪ ಒತ್ತಿಕೊಂಡು ಕೂತ್ಕೋಬೇಕು."

ಎತ್ತರದ ಆಳು ಮೊಣಕಾಲು ಎದೆಗೆ ತಾಗುವಂತೆ ಮುದುರಿ ಕುಳಿತ. ಬಳಸಿಕೊಂಡು ಹೋಗುವ ರಸ್ತೆ ಬಂದಾಗ ಸೌಂಡಣ್ಣ ವೇಗ ತಗ್ಗಿಸಿದ. ಯಜಮಾನ ನೇರ ದಾರಿಯತ್ತ ಗದ್ದವೆತ್ತಿ ತೋರಿಸಿದ. ಬ್ರೇಕಣ್ಣನ ಅಂಗಡಿ ತೆರೆದೇ ಇತ್ತು. ಅವನ ಹೆಂಡತಿ ಗಾಡಿಯ ಸದ್ದಿಗೆ ತಲೆ ಎತ್ತಿದಳು. ಮೊದಲು ಒಬ್ಬನನ್ನು, ಆಮೇಲೆ ಇನ್ನೊಬ್ಬನನ್ನು ನೋಡಿದಳು. ನಗಲಿಲ್ಲ. ಮುಖ ತಿರುಗಿಸಿಕೊಳ್ಳಲೂ ಇಲ್ಲ. ಗಾಡಿ ಮುಂದೆ ಹೋದ ಮೇಲೆ ಕೈಯಲ್ಲಿದ್ದ ಕಡ್ಡಿಯನ್ನು ಚಕ್ರಕ್ಕೆ ಪೋಣಿಸಿದಳು.

ಯಜಮಾನನ ಮನೆಯ ದೊಡ್ಡ ಗೇಟು ಹಾರುಹೊಡೆದಿತ್ತು. ಒಳಗೆ ಯಾರೂ ಇದ್ದಂತೆ ಕಾಣಲಿಲ್ಲ. ಗೆಲುವಿಗೆ ಬರುವ ಜನಕ್ಕೆಂದು ತರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳು ಅಂಗಳದಲ್ಲಿ ಆಳೆತ್ತರಕ್ಕೆ ಒಂದರೊಳಗೊಂದು ಸೇರಿಕೊಂಡು ನಿಂತಿದ್ದವು. ಇಳಿಬಿಸಿಲು ಅವುಗಳ ಮೇಲಿತ್ತು. ಯಜಮಾನ ಗಾಡಿಯಿಂದ ಇಳಿದು, ಬರ್ತೀನಿ ಎಂದೂ ಹೇಳದೆ ಒಳಗೆ ಹೋದ. ಒಂದು ಕುರ್ಚಿಯನ್ನು ಎಳೆದ. ಅದು ಬಿಡಲಿಲ್ಲ. ಕಾಲಿನಿಂದ ಕೆಳಗಿನವನ್ನು ಒತ್ತಿ ಹಿಡಿದು ಮತ್ತೆ ಎಳೆದ. ಬಿಡಿಸಿದ ಕುರ್ಚಿಯನ್ನು ಅಂಗಳದ ನಡುವೆ ಹಾಕಿಕೊಂಡು ಕುಳಿತ.

ಸೌಂಡಣ್ಣ ಸ್ವಲ್ಪ ಹೊತ್ತು ಗೇಟಿನ ಹೊರಗೆ ಎಂಜಿನ್ನು ಗುಡುಗುಟ್ಟಿಸುತ್ತ ಕುಳಿತಿದ್ದ. ಆಮೇಲೆ ಕೀಲಿ ತಿರುಗಿಸಿ ಅದನ್ನು ಆರಿಸಿದ.

ಯಜಮಾನ ಎದ್ದು ಹೋಗಿ, ಇನ್ನೊಂದು ಕುರ್ಚಿಯನ್ನು ಎಳೆಯತೊಡಗಿದ.